ಅಪೆಂಡಿಕ್ಸ್ ಎಂದು ಹೇಳುವ ಸುಳ್ಳು

ನನ್ನ ಹೊಟ್ಟೆಯ ಬಲಭಾಗದಲ್ಲಿ ಒಂದು ಹಳೆಯ ಗಾಯದ ಗೆರೆ ಇದೆ. ಓರೆಯಾಗಿ ಶುರುವಾಗುತ್ತದೆ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ತಿರುಗಿ ಹೊಕ್ಕುಳಿನ ಕಡೆಗೆ ಇನ್ನೂ ಎರಡು ಇಂಚು ಹೋಗಿ ನಿಲ್ಲುತ್ತದೆ. ಕಳೆದ ವರ್ಷ ಶಿವಮೊಗ್ಗದಲ್ಲಿ ಸ್ಕ್ಯಾನಿಂಗಿಗೆ ಹೋದಾಗ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಜೆಲ್ ಹಚ್ಚುತ್ತಾ, "ಅಪೆಂಡಿಕ್ಸಾ ಮೇಡಂ?" ಅಂದರು. "ಹೌದು" ಅಂದೆ. ಆಕೆ ಗೆರೆಯ ಆ ತಿರುವನ್ನು ಒಮ್ಮೆ ನೋಡಿ ಸುಮ್ಮನಾದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಇದೇ ಉತ್ತರ ಕೊಡುತ್ತಿದ್ದೇನೆ. ಪೂರ್ತಿ ಸುಳ್ಳಲ್ಲ. ಅಪೆಂಡಿಕ್ಸನ್ನು ತೆಗೆದದ್ದು ನಿಜ. ಆದರೆ ಅದು ಯಾವ ತಪ್ಪನ್ನೂ ಮಾಡಿರಲಿಲ್ಲ.

1993ರ ಮಾರ್ಚ್. ನಾನು ಏಳನೇ ತರಗತಿ. ಆಗ ಏಳನೇ ತರಗತಿಗೂ ಪಬ್ಲಿಕ್ ಪರೀಕ್ಷೆ ಇತ್ತು, ಮನೆಯಲ್ಲಿ ಅದೊಂದು ಮದುವೆಯಷ್ಟೇ ದೊಡ್ಡ ಸುದ್ದಿ. ನಮ್ಮ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಹೊರಗಿನವರು ಹಳೇನಗರ ಎಂದು ಬರೆಯುತ್ತಾರೆ, ನಾವು ಯಾರೂ ಹಾಗೆ ಹೇಳಿದ್ದಿಲ್ಲ. ಕಾರ್ಖಾನೆ ಬಂದ ಮೇಲೆ ಹುಟ್ಟಿದ್ದು ನ್ಯೂ ಟೌನ್, ಕಾಗದದ ಮಿಲ್ಲಿನ ಸುತ್ತ ಹುಟ್ಟಿದ್ದು ಪೇಪರ್ ಟೌನ್. ಇವೆರಡಕ್ಕಿಂತ ಮೊದಲು, ಊರಿಗೆ ಬೆಂಕಿಪುರ ಅಂತ ಹೆಸರಿದ್ದ ಕಾಲದಿಂದ ಇದ್ದದ್ದು ನಮ್ಮದು. ಬೀದಿಯಿಂದ ಸ್ವಲ್ಪ ನಡೆದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಆಚೆಗೆ ಭದ್ರಾ ಹೊಳೆ. ಅಪ್ಪ ತರೀಕೆರೆ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದರು. ಕಬ್ಬಿಣದ ಕಾರ್ಖಾನೆಯ ನೌಕರರಾಗಿರಲಿಲ್ಲ, ಅದರ ನೆರಳಲ್ಲಿ ಬದುಕುವವರು. ಆ ವ್ಯತ್ಯಾಸ ದೊಡ್ಡದು. ಕಾರ್ಖಾನೆಯವರಿಗೆ ಕಾರ್ಖಾನೆಯ ಆಸ್ಪತ್ರೆ ಇತ್ತು, ನಮಗೆ ಬೀದಿಯ ಡಾಕ್ಟರು.

ನೋವು ಮೊದಲು ಬಂದದ್ದು ನವರಾತ್ರಿಯಲ್ಲಿ. ಹೊಕ್ಕುಳ ಸುತ್ತ ಯಾರೋ ಬಟ್ಟೆ ಹಿಂಡಿದ ಹಾಗೆ ಆಗಿ, ಅರ್ಧ ದಿನದಲ್ಲಿ ಹೋಯಿತು. ಸಂಕ್ರಾಂತಿಗೆ ಮತ್ತೆ ಬಂತು, ಕಬ್ಬು ಜಾಸ್ತಿ ತಿಂದಿದ್ದೀಯ ಅಂದರು. ಅಜ್ಜಿ ಅಮ್ಮನನ್ನು ಪಕ್ಕಕ್ಕೆ ಕರೆದು, "ಹುಡುಗಿ ದೊಡ್ಡವಳಾಗೋ ಹೊತ್ತು ಕಣೇ, ಅದರ ನೋವು. ಇದನ್ನೆಲ್ಲ ಡಾಕ್ಟರ ಹತ್ರ ಹೇಳ್ತಾರಾ?" ಅಂದದ್ದು ನನಗೆ ಕೇಳಿಸಿತ್ತು. ನಮ್ಮ ಸ್ಕೂಲಿನ ಟೀಚರೊಬ್ಬರು ಅನುಪಮಾ ನಿರಂಜನರ 'ಕೇಳು ಕಿಶೋರಿ'ಯನ್ನು ಹುಡುಗಿಯರಿಗೆ ಸರದಿಯ ಮೇಲೆ ಓದಲು ಕೊಡುತ್ತಿದ್ದರು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಆ ಡಾಕ್ಟರಮ್ಮ ತೀರಿಹೋಗಿ ಆಗಿನ್ನೂ ಎರಡು ವರ್ಷ. ಅಜ್ಜಿ ಹೇಳಿದ್ದು ನಿಜವೇ ಇರಬೇಕು ಎಂದು ನಾನೂ ನಂಬಿ, ನೋವು ಬಂದರೆ ಹೇಳುವುದನ್ನೇ ಬಿಟ್ಟೆ. ಹೆಣ್ಣುಮಕ್ಕಳ ಹೊಟ್ಟೆನೋವಿಗೆ ಒಂದೇ ಕಾರಣ ಎಂದು ಮನೆಮಂದಿ ತೀರ್ಮಾನಿಸಿದರೆ ಉಳಿದ ಕಾರಣಗಳೆಲ್ಲ ಒಳಗೇ ಕೂತು ಕಾಯುತ್ತವೆ.

ಮಾರ್ಚಿನಲ್ಲಿ, ಪರೀಕ್ಷೆಗೆ ಹತ್ತು ದಿನ ಇರುವಾಗ, ಮೂರನೇ ಸಲ ಬಂತು. ಈ ಸಲ ಹೋಗಲಿಲ್ಲ.

ಸಂಜೆ ಅಜ್ಜಿ ಬೀದಿಯ ಕೊನೆಯ ಮನೆಯ ಮುದುಕಿಯನ್ನು ಕರೆತಂದಳು. ನಾವು ಆಕೆಯನ್ನು ಬಟ್ಟಿ ಅಜ್ಜಿ ಅನ್ನುತ್ತಿದ್ದೆವು. ಹೊಕ್ಕುಳ ಹತ್ತಿರ ಮಿಡಿಯುವ ಬಟ್ಟಿ ಭಾರ ಎತ್ತಿದರೆ, ಎಗರಿದರೆ ಜಾಗ ಬಿಟ್ಟು ಸರಿಯುತ್ತದೆ, ಅದನ್ನು ತಿಕ್ಕಿ ಕೂರಿಸಬೇಕು ಎಂಬ ನಂಬಿಕೆ ನಮ್ಮ ಕಡೆ ಬಹಳ ಹಳೆಯದು. ಆಕೆ ಹರಳೆಣ್ಣೆ ಹಚ್ಚಿ ಮೂರು ಬೆರಳಲ್ಲಿ ಹೊಟ್ಟೆಯನ್ನು ಒತ್ತುತ್ತಾ ಹೋದಳು. ಬಲಕ್ಕೆ ಬಂದಾಗ ನಿಂತಳು. "ಏನೋ ಕೈಗೆ ಸಿಗ್ತದೆ ಕಣಮ್ಮ. ಹಿಡಿದರೆ ಪಕ್ಕಕ್ಕೆ ಜಾರ್ತದೆ. ಮೇಲೆ ಕೆಳಗೆ ಹೋಗಲ್ಲ, ಅಡ್ಡಡ್ಡಕ್ಕೇ ಜಾರ್ತದೆ" ಅಂದಳು. ಬಟ್ಟಿಯೇ ಇರಬೇಕು ಅಂತ ಎಲ್ಲರಿಗೂ ಸಮಾಧಾನ ಆಯಿತು. ನಾನು ಕಿರುಚಿದ್ದಕ್ಕೆ ಆಕೆ ಕೈ ತೆಗೆದಳು. ಆ ಕಿರುಚಾಟ ನನ್ನನ್ನು ಉಳಿಸಿರಬಹುದು. ಇನ್ನು ಸ್ವಲ್ಪ ತಿಕ್ಕಿದ್ದರೆ ಒಳಗಿದ್ದದ್ದು ಒಡೆಯಬಹುದಿತ್ತು.

ರಾತ್ರಿ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರ ಹೆಸರು ಬೇಡ. ಒಳ್ಳೆಯ ಮನುಷ್ಯರೇ, ಬಡವರ ಹತ್ತಿರ ದುಡ್ಡು ಕೇಳುತ್ತಿರಲಿಲ್ಲ. ನಾಲಿಗೆ ನೋಡಿದರು, ಕಣ್ಣು ನೋಡಿದರು. ಹೊಟ್ಟೆ ಮುಟ್ಟಲಿಲ್ಲ. ಹನ್ನೆರಡು ವರ್ಷದ ಹುಡುಗಿ, ಜೊತೆಗೆ ಅಜ್ಜಿ, ಕೋಣೆ ತುಂಬ ರೋಗಿಗಳು. ಲಂಗದ ದಾರ ಸಡಿಲಿಸು ಎಂದು ಹೇಳಲು ಅವರಿಗೂ ಸಂಕೋಚ, ನಮಗೂ ಸಂಕೋಚ. "ಗ್ಯಾಸ್, ಜೊತೆಗೆ ಪರೀಕ್ಷೆ ಭಯ" ಎಂದು ಒಂದು ಇಂಜೆಕ್ಷನ್ ಕೊಟ್ಟರು. ನೋವು ಕಡಿಮೆಯಾಯಿತು, ಅದೇ ತೊಂದರೆ. ಒಂದು ದಿನ ಹಾಳಾಯಿತು.

ಒಂದು ಲೆಕ್ಕದಲ್ಲಿ ನೋಡಿದರೆ, ನನ್ನ ಹೊಟ್ಟೆಯನ್ನು ಕೈಯಿಟ್ಟು ಪರೀಕ್ಷಿಸಿದ ಮೊದಲ ವ್ಯಕ್ತಿ ಬಟ್ಟಿ ಅಜ್ಜಿಯೇ. ಆಕೆ ಹೇಳಿದ ಅಡ್ಡಡ್ಡ ಜಾರುವಿಕೆಗೆ ವೈದ್ಯಶಾಸ್ತ್ರದಲ್ಲಿ ಒಬ್ಬ ಫ್ರೆಂಚ್ ಶಸ್ತ್ರವೈದ್ಯನ ಹೆಸರಿದೆ ಎಂದು ನನಗೆ ಗೊತ್ತಾದದ್ದು ತೀರಾ ಈಚೆಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮರುದಿನ ಜ್ವರ, ವಾಂತಿ. ನೋವು ಹೊಕ್ಕುಳಿನಿಂದ ಇಳಿದು ಬಲಗಡೆ ಕೆಳಗೆ ಬಂದು ಕೂತಿತು. ಕಾಲು ಚಾಚಲು ಆಗುತ್ತಿರಲಿಲ್ಲ. ಅಪ್ಪ ರಾತ್ರಿ ಕೆಲಸ ಮುಗಿಸಿ ಬೆಳಗಿನ ಜಾವ ಬಂದವರು ನನ್ನನ್ನು ನೋಡಿ ಯಾರನ್ನೂ ಕೇಳಲಿಲ್ಲ. ಒಂದು ಅಂಬಾಸಿಡರ್ ಕರೆತಂದರು. ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರ್ ಇರಬಹುದು. ಬಿ.ಎಚ್. ರಸ್ತೆಯ ಪ್ರತಿ ಗುಂಡಿಯನ್ನೂ ನಾನು ಹೊಟ್ಟೆಯಲ್ಲಿ ಎಣಿಸಿದ್ದೇನೆ. ಈಗ ವೈದ್ಯರು ಹೇಳುತ್ತಾರೆ, ಗಾಡಿ ಕುಲುಕಿದಾಗ ನೋವು ಹೆಚ್ಚಾಯಿತೇ ಎನ್ನುವುದು ಕೇಳಲೇಬೇಕಾದ ಪ್ರಶ್ನೆಯಂತೆ.

ನರ್ಸಿಂಗ್ ಹೋಮಿನ ಸರ್ಜನ್ ನಡುವಯಸ್ಸಿನವರು, ಮಾತು ಕಡಿಮೆ. ಹೊಕ್ಕುಳಿಗೂ ಸೊಂಟದ ಮೂಳೆಯ ತುದಿಗೂ ಒಂದು ಗೆರೆ ಎಳೆದು, ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದ ಜಾಗದಲ್ಲಿ ಬೆರಳಿಟ್ಟು ಒತ್ತಿ ಬಿಟ್ಟರು. ಬಿಟ್ಟಾಗ ಪ್ರಾಣ ಹೋದಂತಾಯಿತು. ಅಮೆರಿಕದ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದ ಬಿಂದು ಅದು. "ಅಪೆಂಡಿಕ್ಸ್. ಒಡೆಯೋಕೆ ಮುಂಚೆ ತೆಗೀಬೇಕು" ಅಂದರು. ಅಪ್ಪ ಸಹಿ ಹಾಕಿದರು. ಅಮ್ಮನ ಎರಡು ಬಳೆ ಅಂದೇ ಮಧ್ಯಾಹ್ನ ಅಡವಿಗೆ ಹೋದವು.

ಅವರು ತಪ್ಪು ಹೇಳಿದರು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಜ್ವರ, ವಾಂತಿ, ಹೊಕ್ಕುಳಿನಿಂದ ಬಲಕ್ಕಿಳಿದ ನೋವು: ನೂರು ಮಕ್ಕಳು ಹೀಗೆ ಬಂದರೆ ಬಹುಪಾಲು ಅಪೆಂಡಿಕ್ಸೇ. ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಜೀವಮಾನದಲ್ಲಿ ಒಮ್ಮೆ ಬರುವ ಕಾಯಿಲೆ ಅದು. ರಾಜರನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನ ಏಳನೇ ಎಡ್ವರ್ಡನ ಪಟ್ಟಾಭಿಷೇಕ 1902ರ ಜೂನಿನಲ್ಲಿ ನಿಂತುಹೋದದ್ದು ಇದರಿಂದಲೇ. ಫ್ರೆಡರಿಕ್ ಟ್ರೀವ್ಸ್ ಅರಮನೆಯಲ್ಲೇ ಹೊಟ್ಟೆ ಕೊಯ್ದು ಕೀವು ತೆಗೆದ, ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ನಡೆಯಿತು. ಅದರ ಹಿಂದಿನ ದಿನ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರ ವಹಿಸಲಾಯಿತು. ಅವರ ಆಳ್ವಿಕೆಯಲ್ಲೇ ನಮ್ಮೂರಿಗೆ ಕಬ್ಬಿಣದ ಕಾರ್ಖಾನೆ ಬಂದದ್ದು, 1936ರಲ್ಲಿ ಕಾಗದದ ಮಿಲ್ಲು ಸ್ಥಾಪನೆಯಾದದ್ದು. ಈ ಎರಡು ತಾರೀಖುಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ, ನನ್ನ ತಲೆಯಲ್ಲಿ ಮಾತ್ರ ಅಂಟಿಕೊಂಡಿವೆ.

ಕರುಳಿನ ನೋವಿಗೆ ಸ್ವಂತ ವಿಳಾಸ ಇಲ್ಲ. ಚರ್ಮಕ್ಕೆ ಸೂಜಿ ಚುಚ್ಚಿದರೆ ಎಲ್ಲಿ ಎಂದು ಕಣ್ಣು ಮುಚ್ಚಿ ತೋರಿಸುತ್ತೇವೆ. ಕರುಳು ಹಾಗಲ್ಲ. ಸಣ್ಣ ಕರುಳಿನ ಕೊನೆ, ಅಪೆಂಡಿಕ್ಸ್, ಅವುಗಳ ಆಸುಪಾಸು, ಯಾವುದು ನೊಂದರೂ ಮೊದಲು ಮಿದುಳಿಗೆ ಹೋಗುವ ಸುದ್ದಿ ಒಂದೇ: ಹೊಕ್ಕುಳ ಹತ್ತಿರ ಏನೋ ಆಗಿದೆ. ಆಮೇಲೆ ಉರಿಯೂತ ಹೊಟ್ಟೆಯ ಒಳಗೋಡೆಯ ಪೊರೆಗೆ ತಾಗಿದಾಗಷ್ಟೇ ನೋವು ಸರಿಯಾದ ಜಾಗಕ್ಕೆ ಬರುತ್ತದೆ. ಹಾಗಾಗಿ ಅಪರೂಪದ ಕಾಯಿಲೆಗಳು ಸಾಮಾನ್ಯ ಕಾಯಿಲೆಯ ವೇಷ ಹಾಕಿಕೊಂಡು ಬರುವುದು ಸುಲಭ. ಅಂಡಾಶಯದಲ್ಲಿ ಕೂದಲು, ಹಲ್ಲು ತುಂಬಿಕೊಂಡ ಡರ್ಮಾಯಿಡ್ ಎಂಬ ಗೆಡ್ಡೆ ತಿರುಚಿಕೊಂಡರೆ ಅಪೆಂಡಿಕ್ಸಿನಂತೆಯೇ ನೋಯುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆಳೆದ ಕೊಬ್ಬಿನ ಗೆಡ್ಡೆ, ಲೈಪೋಮಾ, ಒಂದು ಕರುಳನ್ನು ಇನ್ನೊಂದರೊಳಗೆ ಕಾಲುಚೀಲದ ಹಾಗೆ ಎಳೆದುಕೊಂಡು ದಾರಿ ಮುಚ್ಚಿಬಿಡುತ್ತದೆ. ಒಳಗೆ ನೋಡುವವರೆಗೂ ಇವು ಯಾವುವೂ ತಮ್ಮ ನಿಜವಾದ ಹೆಸರು ಹೇಳುವುದಿಲ್ಲ. ಇಂಗ್ಲೆಂಡಿನ ಝಕರಿ ಕೋಪ್ ಎಂಬ ಸರ್ಜನ್ ಈ ದಿಢೀರ್ ಹೊಟ್ಟೆನೋವುಗಳನ್ನು ಗುರುತಿಸುವುದು ಹೇಗೆ ಎಂದು 1921ರಲ್ಲಿ ಪುಸ್ತಕ ಬರೆದ. ಅಷ್ಟಕ್ಕೇ ಬಿಡದೆ 1947ರಲ್ಲಿ 'ಝೀಟಾ' ಎಂಬ ಗುಪ್ತನಾಮದಲ್ಲಿ ಅದೇ ವಿಷಯವನ್ನು ಪ್ರಾಸಬದ್ಧ ಪದ್ಯದಲ್ಲೂ ಬರೆದ. ಹೊಟ್ಟೆನೋವಿಗೆ ಛಂದಸ್ಸು ಒಪ್ಪುತ್ತದೆಯೇ ಎಂದು ಕೇಳಬೇಡಿ, ವಿದ್ಯಾರ್ಥಿಗಳಿಗೆ ಪದ್ಯ ಬೇಗ ಬಾಯಿಗೆ ಬರುತ್ತದೆ ಎಂದು ನಮ್ಮ ಆಯುರ್ವೇದದವರಿಗೆ ಮೊದಲೇ ಗೊತ್ತಿತ್ತು.

ಮತ್ತೆ ಆ ಮಧ್ಯಾಹ್ನಕ್ಕೆ. ಹೊಟ್ಟೆ ತೆರೆದಾಗ ಅಪೆಂಡಿಕ್ಸ್ ಎರೆಹುಳುವಿನ ಹಾಗೆ ತೆಳ್ಳಗೆ, ಗುಲಾಬಿ ಬಣ್ಣದಲ್ಲಿ, ಆರಾಮಾಗಿ ಇತ್ತಂತೆ. ಅದನ್ನು ತೆಗೆದು, ಹೊಲಿದು, ಮುಗಿಯಿತು ಎಂದು ಹೇಳಿಬಿಡಬಹುದಿತ್ತು. ಆದರೆ ಅಪೆಂಡಿಕ್ಸ್ ಚೆನ್ನಾಗಿದ್ದರೆ ಕೈಬಿಡಬಾರದು, ಸಣ್ಣ ಕರುಳಿನ ಕೊನೆಯ ಎರಡು ಅಡಿಯನ್ನು ಹೊರಗೆಳೆದು ನೋಡಬೇಕು ಎನ್ನುವುದು ಸರ್ಜನ್‌ಗಳ ಹಳೆಯ ನಿಯಮ. ಹುಟ್ಟಿನಿಂದ ಉಳಿದ ಮೆಕೆಲ್ಸ್ ಎಂಬ ಚೀಲವೊಂದು ಅಲ್ಲಿ ಕಾಟ ಕೊಡುವುದುಂಟು. ಅವರು ಕರುಳನ್ನು ಬಟ್ಟೆಯಂಗಡಿಯವನು ಥಾನು ಬಿಚ್ಚುವ ಹಾಗೆ ಬಿಚ್ಚುತ್ತಾ ಹೋದರು. ಒಂದೂವರೆ ಅಡಿಯಲ್ಲಿ ಸಿಕ್ಕಿತು. ಗಾಯದ ಗೆರೆ ಮನಸ್ಸು ಬದಲಾಯಿಸಿದ್ದು ಅಲ್ಲೇ.

ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಟ್ಟಿರುವ ಬೀಸಣಿಗೆಯಂಥ ಪೊರೆಯೊಂದಿದೆ, ಮೆಸೆಂಟರಿ. ರಕ್ತನಾಳ, ನರ, ದುಗ್ಧನಾಳ ಎಲ್ಲ ಅದರ ಮಡಿಕೆಯಲ್ಲೇ ಕರುಳಿಗೆ ಹೋಗುತ್ತವೆ. ಬಹಳ ಕಾಲ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 2016ರಲ್ಲಿ ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದ ಕ್ಯಾಲ್ವಿನ್ ಕಾಫಿ ಇದು ತುಂಡುತುಂಡು ಪೊರೆಯಲ್ಲ, ಅಖಂಡವಾದ ಒಂದು ಅಂಗ ಎಂದು ವಾದಿಸಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನನಗೆ ಆ ಸುದ್ದಿ ಓದಿ ನೆಂಟರ ಸುದ್ದಿ ಓದಿದಂತಾಯಿತು. ನನ್ನ ಗೆಡ್ಡೆ ಬೆಳೆದದ್ದು ಅದರ ಮಡಿಕೆಯಲ್ಲಿ.

ಮೋಸಂಬಿ ಗಾತ್ರ ಎಂದು ಸರ್ಜನ್ ಅಪ್ಪನಿಗೆ ಹೇಳಿದರು. ಸರ್ಜನ್‌ಗಳಿಗೆ ಅಳತೆ ಎಂದರೆ ಹಣ್ಣೇ. ಅಜ್ಜಿ ಅದನ್ನು ಓಲ್ಡ್ ಟೌನಿಗೆ ಹೇಳುವಾಗ ಚಕ್ಕೋತ ಮಾಡಿದಳು. ಸುದ್ದಿ ಜನ್ನಾಪುರದ ಸೋದರತ್ತೆಯ ಮನೆ ಮುಟ್ಟುವಷ್ಟರಲ್ಲಿ ತೆಂಗಿನಕಾಯಿ ಆಗಿತ್ತು. ತೆಳ್ಳನೆಯ ಗೋಡೆಯ ನಾಲ್ಕೈದು ಗೂಡುಗಳ ಚೀಲ. ಒಳಗೆ ಹಾಲು ಜಾಸ್ತಿಯಾದ ಟೀ ಬಣ್ಣದ ದ್ರವ. ನಾವು ತಿಂದ ಕೊಬ್ಬಿನ ಅಂಶ ದುಗ್ಧನಾಳಗಳಲ್ಲಿ ಹಾಲಿನಂತೆ ಹರಿಯುತ್ತದೆ, ಅದು ಮುಂದೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತ್ತು. ಅದಕ್ಕೆ ರಕ್ತ ಸೋರಿ ಬಣ್ಣ ಕೆಟ್ಟಿತ್ತು, ಸೋಂಕೂ ತಗುಲಿತ್ತು. ಅದಕ್ಕೇ ಜ್ವರ, ಅದಕ್ಕೇ ಅಪೆಂಡಿಕ್ಸಿನ ವೇಷ. ಕರುಳಿಗೆ ಒತ್ತಿ ಅಂಟಿಕೊಂಡಿದ್ದರಿಂದ ಐದಾರು ಇಂಚು ಕರುಳನ್ನೂ ಸೇರಿಸಿ ಕತ್ತರಿಸಿ, ಎರಡು ತುದಿಗಳನ್ನು ಹೊಲಿದರು. ಅಪೆಂಡಿಕ್ಸನ್ನೂ ತೆಗೆದರು. ಈ ಜಾಗದಲ್ಲಿ ಗಾಯ ನೋಡಿದ ಮುಂದಿನ ಡಾಕ್ಟರು ಅಪೆಂಡಿಕ್ಸ್ ಇಲ್ಲ ಎಂದೇ ತಿಳಿಯುತ್ತಾರೆ, ಅವರಿಗೆ ಗೊಂದಲ ಬೇಡ ಎಂದು. ಪಾಪದ್ದು, ಜಾಗದ ತಪ್ಪಿಗೆ ಹೋಯಿತು.

ಎಚ್ಚರವಾದ ಮೇಲೆ ಮೂಗಲ್ಲಿ ಟ್ಯೂಬು. ಬಾಯಿಗೆ ಹನಿ ನೀರೂ ಇಲ್ಲ. ದಿನಾ ಬೆಳಿಗ್ಗೆ ಸರ್ಜನ್ ಬಂದು ಗಂಭೀರವಾಗಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಗ್ಯಾಸ್ ಹೋಯ್ತಾ?" ಹೊಲಿದ ಕರುಳು ಮತ್ತೆ ಕೆಲಸ ಶುರು ಮಾಡಿತೆ ಎಂದು ತಿಳಿಯಲು ಬೇರೆ ದಾರಿಯಿಲ್ಲ ಎಂದು ನನಗೇನು ಗೊತ್ತು. ನಾಲ್ಕನೆಯ ದಿನ ಆಯಿತು. ಅಮ್ಮ ಅದನ್ನು ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಳು. ಪಕ್ಕದ ಹಾಸಿಗೆಯವರು ಕೈ ಮುಗಿದರು.

ಈ ನಡುವೆ ಅಪ್ಪ ಮಣಿಪಾಲಕ್ಕೆ ಹೋಗಿಬಂದರು. ತೆಗೆದದ್ದನ್ನು ಪರೀಕ್ಷೆಗೆ ಅಲ್ಲಿಗೆ ಕೊಡಬೇಕಿತ್ತು, ಆಗೆಲ್ಲ ಮನೆಯವರೇ ತೆಗೆದುಕೊಂಡು ಹೋಗುವುದಿತ್ತು. ಅಗಲ ಬಾಯಿಯ ಗಾಜಿನ ಬಾಟಲಿ, ಒಳಗೆ ಫಾರ್ಮಲಿನ್, ಅದರಲ್ಲಿ ನನ್ನ ಮೋಸಂಬಿ. ಬಟ್ಟೆ ಚೀಲದಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರು. ಅಲ್ಲಿಂದ ಮಿನಿಬಸ್ಸಿನಲ್ಲಿ ಘಾಟಿ ಇಳಿಯಬೇಕು, ಹದಿನಾಲ್ಕು ತಿರುವು. ಪಕ್ಕದವರು ಯಾರೋ ಚೀಲ ನೋಡಿ, "ಉಪ್ಪಿನಕಾಯಿಯಾ ಮಾರಾಯ್ರೆ? ಗಟ್ಟಿ ಹಿಡ್ಕೊಳ್ಳಿ, ಚೆಲ್ತದೆ" ಅಂದರಂತೆ. ಅಪ್ಪ ಹೂಂ ಅಂದರಂತೆ. ಈ ಕತೆಯನ್ನು ಅವರು ಎಷ್ಟೋ ವರ್ಷಗಳ ನಂತರ ನಗುತ್ತಾ ಹೇಳಿದರು. ಅಂದು ನಗಲು ಏನೂ ಇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಮನೆಯೊಳಗೆ ಆ ಪದ ಬಂದು ಕೂತಿತ್ತು. ಗೆಡ್ಡೆ. ಕನ್ನಡದಲ್ಲಿ ಇದೊಂದು ವಿಚಿತ್ರ ಪದ. ಗೆಣಸೂ ಗೆಡ್ಡೆ, ಈರುಳ್ಳಿಯೂ ಗೆಡ್ಡೆ, ಪ್ರಾಣ ತೆಗೆಯುವುದೂ ಗೆಡ್ಡೆ. ಒಳ್ಳೆಯದು ಕೆಟ್ಟದ್ದು ಎಂಬ ವ್ಯತ್ಯಾಸ ಪದದಲ್ಲಿಲ್ಲ, ಅದನ್ನು ಕೇಳುವವರ ಭಯ ತುಂಬಿಕೊಳ್ಳುತ್ತದೆ. ಗೆಡ್ಡೆ ಎಂದ ಕೂಡಲೇ ನಮ್ಮ ಬೀದಿಯವರಿಗೆ ಬೆಂಗಳೂರಿನ ಕಿದ್ವಾಯಿ ಕಣ್ಣೆದುರು ಬರುತ್ತಿತ್ತು. ನೋಡಲು ಬಂದವರೆಲ್ಲ ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. ಅಮ್ಮ ಅಡುಗೆ ಮನೆಯಿಂದ ಸುವರ್ಣಗೆಡ್ಡೆಯನ್ನು ಹೊರಗೆ ಹಾಕಿದಳು. ತರಕಾರಿಯವಳು ಬೀದಿಯಲ್ಲಿ ಗೆಡ್ಡೆಕೋಸು ಎಂದು ಕೂಗಿದರೆ ಕಿಟಕಿ ಮುಚ್ಚುತ್ತಿದ್ದಳು. ಅಜ್ಜಿ ದಿನಾ ನರಸಿಂಹನ ಗುಡಿಗೆ ಹೋಗಿ ಬರುತ್ತಿದ್ದಳು. ಹೊಟ್ಟೆ ಬಗೆಯುವ ದೇವರಿಗೇ ಹೊಟ್ಟೆಯ ಹರಕೆ ಹೊರುವುದು ನನಗೆ ಆಗಲೂ ಒಂಥರಾ ಅನಿಸಿತ್ತು, ಆದರೆ ನಮ್ಮ ಗುಡಿಯ ನರಸಿಂಹ ಪಕ್ಕದಲ್ಲಿ ಲಕ್ಷ್ಮಿ ಕೂತ ಮೇಲಿನವನು, ಉಗುರು ಒಳಗೆಳೆದುಕೊಂಡವನು. ಸೋದರತ್ತೆ ಮಾತ್ರ ನನ್ನ ಎದುರೇ, "ಬದುಕಿದರೂ ಹೊಟ್ಟೆ ಮೇಲೆ ಇಷ್ಟುದ್ದ ಗೆರೆ, ನಾಳೆ ಯಾರು ಮದುವೆ ಆಗ್ತಾರೆ" ಅಂದಳು.

ಅಪ್ಪ ಏನೂ ಹೇಳಲಿಲ್ಲ. ಒಮ್ಮೆ ಮಾತ್ರ ನನ್ನ ಪಕ್ಕ ಕೂತು ಎರಕದ ವಿಷಯ ಹೇಳಿದರು. ಕರಗಿದ ಕಬ್ಬಿಣ ಅಚ್ಚಿಗೆ ಹೊಯ್ಯುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ತಣ್ಣಗಾದ ಮೇಲೆ ಅಲ್ಲೊಂದು ಪೊಳ್ಳು ಉಳಿಯುತ್ತದೆ, ಬ್ಲೋ ಹೋಲ್. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಲೇತಿಗೆ ಕಟ್ಟಿ ಕೊರೆಯುವಾಗ ಟೂಲ್ ತಟಕ್ಕನೆ ಸದ್ದು ಮಾಡುತ್ತದೆ. "ಅದು ಕಬ್ಬಿಣದ ತಪ್ಪಲ್ಲ, ಹೊಯ್ಯೋ ಹೊತ್ತಲ್ಲಿ ಆದದ್ದು" ಅಂದರು. ಈಗ ತಿಳಿದವರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಭ್ರೂಣ ಬೆಳೆಯುವಾಗ ದುಗ್ಧನಾಳದ ಒಂದು ಕವಲು ಉಳಿದ ನಾಳಗಳಿಗೆ ಸೇರಿಕೊಳ್ಳದೆ ಉಳಿದುಬಿಡುತ್ತದೆ, ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಹೆಚ್ಚಿನವು, ನೂರಕ್ಕೆ ತೊಂಬತ್ತೈದರಷ್ಟು, ಕುತ್ತಿಗೆ, ಕಂಕುಳಲ್ಲಿ ಆಗುತ್ತವೆ. ಹೊಟ್ಟೆಯೊಳಗಿನದು ಅಪರೂಪ. ಮೆಸೆಂಟರಿಯ ಎಲ್ಲ ಬಗೆಯ ಚೀಲಗಳನ್ನು ಸೇರಿಸಿದರೂ ಆಸ್ಪತ್ರೆಗೆ ದಾಖಲಾಗುವ ದೊಡ್ಡವರಲ್ಲಿ ಲಕ್ಷಕ್ಕೆ ಒಂದು, ಮಕ್ಕಳಲ್ಲಿ ಇಪ್ಪತ್ತು ಸಾವಿರಕ್ಕೆ ಒಂದು ಎಂದು ಪುಸ್ತಕಗಳು ಬರೆಯುತ್ತವೆ.

ರಿಪೋರ್ಟು ಬಂದದ್ದು ಒಂದು ಶನಿವಾರ. ಅಷ್ಟರಲ್ಲಿ ನಾನು ಮನೆಗೆ ಬಂದಿದ್ದೆ, ಪರೀಕ್ಷೆ ನನ್ನನ್ನು ಬಿಟ್ಟು ಮುಗಿದಿತ್ತು. ಅಪ್ಪ ಶಿವಮೊಗ್ಗಕ್ಕೆ ಹೋದರೆ ಸರ್ಜನ್ ಊರಲ್ಲಿಲ್ಲ, ಸೋಮವಾರವೇ ಬರುವುದು. ಕೌಂಟರಿನ ಹುಡುಗಿ ಲಕೋಟೆ ಕೈಗೆ ಕೊಟ್ಟಳು. ಅಪ್ಪ ಎಸ್ಸೆಸ್ಸೆಲ್ಸಿ, ಐಟಿಐ. ಡ್ರಾಯಿಂಗಿನ ಇಂಗ್ಲಿಷ್ ಬರುತ್ತಿತ್ತು, ಇದು ಬೇರೆ ಇಂಗ್ಲಿಷು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಶಾಪಿನವನಿಗೆ ತೋರಿಸಿದರು. ಅವನು ಬೆರಳಿಟ್ಟು, "ಲಿಂಫಾಂಜಿಯೋಮಾ ಅಂತಿದೆ. ಕೊನೇಲಿ ಓಮಾ ಬಂದರೆ ಕ್ಯಾನ್ಸರೇ ಯಜಮಾನ್ರೇ" ಅಂದ. ಕೆಳಗೆ ಇನ್ನೊಂದು ಪದಕ್ಕೆ ಬೆರಳಿಟ್ಟ. "ನೋಡಿ, ಮಲಿಗ್ನೆನ್ಸಿ. ಇದೂ ಅದೇ."

ಅರ್ಧ ತಿಳಿದವನಷ್ಟು ಖಚಿತವಾಗಿ ಮಾತಾಡುವವರು ಯಾರೂ ಇಲ್ಲ. ಓಮಾ ಎಂದರೆ ಬರೀ ಗೆಡ್ಡೆ ಎಂದರ್ಥ. ಲೈಪೋಮಾ ಜೀವಮಾನವಿಡೀ ಬೆನ್ನ ಮೇಲೆ ಸುಮ್ಮನೆ ಕೂತಿರುತ್ತದೆ, ಕಾರ್ಸಿನೋಮಾ ಕೂರುವುದಿಲ್ಲ. ಕನ್ನಡದ ಗೆಡ್ಡೆಯ ಹಾಗೆ ಅದಕ್ಕೂ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಅಪ್ಪನಿಗೆ ಇದನ್ನು ಹೇಳುವವರು ಇರಲಿಲ್ಲ.

ಆ ರಾತ್ರಿ ಅವರು ಮನೆಯಲ್ಲಿ ರಿಪೋರ್ಟ್ ಬಂದಿಲ್ಲ ಎಂದರು. ಲಕೋಟೆಯನ್ನು ಕೆಲಸದ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ನನಗೆ ಗೊತ್ತಾಗಿದ್ದು ಹೇಗೆಂದರೆ, ಅವರು ನನ್ನ ಮುಖ ನೋಡಲಿಲ್ಲ. ಹೊಲಿಗೆ ಇನ್ನೂ ಎಳೆಯುತ್ತಿತ್ತು. ನಾನು ಮಲಗಿದ್ದಲ್ಲಿಂದಲೇ ನನ್ನ ಪುಸ್ತಕಗಳನ್ನು ಯಾರಿಗೆ ಕೊಡಬೇಕು ಎಂದು ಪಟ್ಟಿ ಮಾಡಿದೆ. ಜ್ಯಾಮಿಟ್ರಿ ಬಾಕ್ಸ್ ತಮ್ಮನಿಗೆ. 'ಕೇಳು ಕಿಶೋರಿ' ಟೀಚರಿಗೆ ವಾಪಸ್ ಕೊಡಬೇಕಿತ್ತು.

ಭಾನುವಾರ ಅಪ್ಪ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರು. ಅಲ್ಲಿಯವರೆಗೆ ಪೇಪರ್ ಓದಲು ಮಾತ್ರ ಹೋಗಿದ್ದವರು. ಇಂಗ್ಲಿಷ್-ಕನ್ನಡ ನಿಘಂಟು ಕೇಳಿ, ಗೊತ್ತಿಲ್ಲದ ಪದಗಳನ್ನೆಲ್ಲ ಒಂದೊಂದಾಗಿ ಜಾಬ್ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಆ ಉದ್ದದ ಪದ ನಿಘಂಟಿನಲ್ಲಿ ಇರಲಿಲ್ಲ. ಮಲಿಗ್ನೆನ್ಸಿ ಇತ್ತು, ಅರ್ಥ ಓದಿ ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದರಂತೆ. ಬಂದು ಮತ್ತೆ ಆ ಸಾಲನ್ನು ಮೊದಲಿನಿಂದ ಓದಿದರು. ಮೆಡಿಕಲ್ ಶಾಪಿನವನ ಬೆರಳು ಮುಚ್ಚಿದ್ದ ಜಾಗದಲ್ಲಿ, ಸಾಲಿನ ಶುರುವಿನಲ್ಲೇ, ಎರಡಕ್ಷರದ ಒಂದು ಪದವಿತ್ತು. ನೋ. ಲೇತ್ ಓಡಿಸುವವನಿಗೆ ಡ್ರಾಯಿಂಗಿನಲ್ಲಿ ಒಂದು ಚುಕ್ಕಿ ತಪ್ಪಿದರೂ ಮಾಲು ಹಾಳು, ಆ ಅಭ್ಯಾಸ ಅಂದು ಕೆಲಸಕ್ಕೆ ಬಂತು. ಆಮೇಲೆ ಇನ್ನೊಂದು ಪದ. ಅದನ್ನು ಅವರು ಬೆನಿಗ್ನ್ ಎಂದು ಓದಿದರು. ನಿಘಂಟಿನಲ್ಲಿ ಅದಕ್ಕೆ ಮೊದಲ ಅರ್ಥ 'ದಯಾಳುವಾದ' ಎಂದಿತ್ತು.

ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಅಮ್ಮನಿಗೆ, "ದಯಾಳು ಗೆಡ್ಡೆ ಅಂತೆ ಕಣೇ" ಅಂದರು. ಅಮ್ಮನಿಗೆ ಏನೂ ಅರ್ಥ ಆಗಲಿಲ್ಲ. ಅವರಿಗೂ ಪೂರ್ತಿ ಧೈರ್ಯ ಇರಲಿಲ್ಲ, ನಿಘಂಟಿನ ಮಾತಿಗೆ ಎಷ್ಟು ಬೆಲೆ. ಸೋಮವಾರ ಸರ್ಜನ್ ಹೌದೆಂದ ಮೇಲೆ, ನಾನು ನೋಡಿದ ಮಟ್ಟಿಗೆ ಅದೊಂದೇ ಸಲ, ಅಪ್ಪ ಗೋಡೆ ಕಡೆ ತಿರುಗಿ ಅತ್ತರು.

ಸುಳ್ಳು ಶುರುವಾದದ್ದು 2004ರಲ್ಲಿ, ನನ್ನ ಮದುವೆ ಮಾತುಕತೆಯಲ್ಲಿ. "ಯಾರು ಕೇಳಿದರೂ ಅಪೆಂಡಿಕ್ಸ್ ಅನ್ನು. ಗೆಡ್ಡೆ ಅಂತ ಬಾಯಿ ಬಿಡಬೇಡ" ಎಂದು ಅಮ್ಮ ಕೈ ಹಿಡಿದು ಹೇಳಿದಳು. ಗಂಡನಿಗೆ ಮದುವೆಯಾದ ವಾರದಲ್ಲೇ ನಿಜ ಹೇಳಿದೆ. ಅವರು "ಅದಕ್ಕೇನಂತೆ" ಎಂದು ಪೇಪರ್ ಓದುವುದನ್ನು ಮುಂದುವರಿಸಿದರು. ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಏನೂ ಆಗುತ್ತಿರಲಿಲ್ಲವೇನೋ, ಆದರೆ ಒಮ್ಮೆ ಹೇಳಿದ ಸುಳ್ಳು ಗಾಯದ ಹಾಗೇ, ಚರ್ಮದ ಭಾಗವೇ ಆಗಿಬಿಡುತ್ತದೆ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಸರ್ಜರಿಯಲ್ಲಿ ಪಿಜಿ ಮಾಡುತ್ತಿರುವವಳು, ಮನೆಗೆ ಬಂದಿದ್ದಳು. ಆ ರಿಪೋರ್ಟನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದೆ. ಬಟ್ಟಿ ಅಜ್ಜಿಯ ಮಾತು ಹೇಳಿದಾಗ ಅವಳು ಕೂತಲ್ಲೇ ಮುಂದಕ್ಕೆ ಬಾಗಿದಳು. "ಅಡ್ಡಡ್ಡ ಮಾತ್ರ ಜಾರ್ತಿತ್ತಾ ಮೇಡಂ? ಟಿಲ್ಲೋ ಚಿಹ್ನೆ ಅದು!" ಮೆಸೆಂಟರಿ ಬೆನ್ನಿಗೆ ಅಂಟಿಕೊಂಡಿರುವ ಬುಡ ಓರೆಯಾಗಿ ಇಳಿಯುತ್ತದೆ, ಆದ್ದರಿಂದ ಅದರಲ್ಲಿ ಬೆಳೆದದ್ದು ಬುಡಕ್ಕೆ ಅಡ್ಡಲಾಗಿ ಸರಿಯುತ್ತದೆ, ಬುಡದ ಗುಂಟ ಸರಿಯುವುದಿಲ್ಲ. ಇಂಥ ಚೀಲವನ್ನು ಮೊದಲು ವರದಿ ಮಾಡಿದ್ದು ಫ್ಲಾರೆನ್ಸಿನ ಬೆನಿವಿಯೇನಿ, 1507ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಸತ್ತ ಒಬ್ಬ ಹುಡುಗನ ಹೊಟ್ಟೆಯಲ್ಲಿ ಕಂಡದ್ದು. ಬದುಕಿದ್ದವರ ಹೊಟ್ಟೆಯಿಂದ ಅದನ್ನು ಯಶಸ್ವಿಯಾ��ಿ ತೆಗೆದದ್ದು ಪ್ಯಾರಿಸ್ಸಿನ ಟಿಲ್ಲೋ, 1880ರಲ್ಲಿ. ನಡುವೆ ಮುನ್ನೂರ ಎಪ್ಪತ್ತು ವರ್ಷ. ಈಗ ಸ್ಕ್ಯಾನಿಂಗಿನಲ್ಲಿ ಮೊದಲೇ ಕಾಣುತ್ತದೆ, ಎಷ್ಟೋ ಸಲ ಸಣ್ಣ ತೂತಿನಲ್ಲೇ ತೆಗೆಯುತ್ತಾರೆ, ಆದರೂ ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ಎಂದು ಹೊಟ್ಟೆ ತೆರೆದು ಬೇರೇನೋ ಕಂಡು ಬೆಚ್ಚುವುದು ನಿಂತಿಲ್ಲ ಎಂದಳು. "ನಿಮ್ಮ ಸರ್ಜನ್ ಎರಡು ಅಡಿ ನೋಡಿದ್ರಲ್ಲ ಮೇಡಂ, ಅದು ದೊಡ್ಡದು" ಅಂದಳು.

ರಿಪೋರ್ಟಿನ ಜೊತೆ ಜಾಬ್ ಕಾರ್ಡೂ ಇದೆ. ಒಂದು ಕಡೆ ಯಾವುದೋ ಬುಶ್‌ನ ಅಳತೆ, ಇನ್ನೊಂದು ಕಡೆ ಅಪ್ಪನ ಪೆನ್ಸಿಲಿನ ಪದಪಟ್ಟಿ. ಆ ವರ್ಕ್‌ಶಾಪು ಈಗಿಲ್ಲ, ಕಾಗದದ ಮಿಲ್ಲು ನಿಂತು ವರ್ಷಗಳಾದವು, ಅಪ್ಪನೂ ಇಲ್ಲ.

ಏಳನೇ ತರಗತಿಯನ್ನು ಪೂರಕ ಪರೀಕ್ಷೆ ಬರೆದು ಪಾಸು ಮಾಡಿದೆ. ಬಳೆಗಳನ್ನು ಅಡವಿನಿಂದ ಬಿಡಿಸಿದ್ದು ಆ ವರ್ಷದ ದೀಪಾವಳಿ ಹೊತ್ತಿಗೆ. ಹಬ್ಬದ ಮಾರನೇ ದಿನ ಅಮ್ಮ ಯಾರಿಗೂ ಹೇಳದೆ ಸಂತೆಯಿಂದ ಒಂದು ಸುವರ್ಣಗೆಡ್ಡೆ ತಂದು, ಹುಣಸೆಹಣ್ಣು ಹಾಕಿ ಪಲ್ಯ ಮಾಡಿದಳು. ಸ್ವಲ್ಪ ತುರಿಸಿತು. ಯಾರೂ ಏನೂ ಅನ್ನದೆ ತಿಂದೆವು, ಅಪ್ಪ ಎರಡನೇ ಸಲ ಹಾಕಿಸಿಕೊಂಡರು.